ಬೋರವ್ವ ಕಂಡ ಬೆಳ್ಳಿಚುಕ್ಕಿ

ಕಲ್ಲುಗುಡ್ಡಗಳ ನಡುವಿನ ಒಂದು ಕುರುಚಲು ಕಾಡಿನಲ್ಲಿ ಬೋರವ್ವ ಎಂಬ ಕಾಡುಪಾಪ ಇದ್ದಳು. ಮೈ ಗೇಣುದ್ದ, ಕಣ್ಣು ಮಾತ್ರ ಮುಖದ ತುಂಬ. ಹಗಲೆಲ್ಲ ಹುಣಸೆಮರದಲ್ಲಿ ಮುದುಡಿ ಮಲಗುವಳು. ಹೊತ್ತು ಮುಳುಗಿದ ಮೇಲೆ ತುದಿಗೊಂಬೆ ಹತ್ತಿ ಆಕಾಶ ನೋಡುವಳು. ಯಾವ ಚುಕ್ಕಿ ಎಲ್ಲಿ ಹುಟ್ಟುತ್ತದೆ, ಯಾವುದು ಎಲ್ಲಿ ಮುಳುಗುತ್ತದೆ ಎನ್ನುವುದೆಲ್ಲ ಅವಳಿಗೆ ಬಾಯಿಪಾಠ. ಆದರೆ ಕೇಳುವವರು ಯಾರೂ ಇರಲಿಲ್ಲ. ಆ ದೊಡ್ಡ ಕಣ್ಣು ಅಪಶಕುನವೆಂದು ಉಳಿದ ಪ್ರಾಣಿಗಳು ಹುಣಸೆಮರದ ಕೆಳಗೆ ಹಾಯುತ್ತಲೇ ಇರಲಿಲ್ಲ.

ಒಂದು ವರ್ಷ ಮುಂಗಾರಿಗೆ ಮೊದಲು, ದಿನವೂ ಸಂಜೆ ಪಡುವಣದಲ್ಲಿ ಹೊಳೆಯುತ್ತಿದ್ದ ದೊಡ್ಡ ಚುಕ್ಕಿ ಕೆಳಕೆಳಗೆ ಇಳಿಯತೊಡಗಿತು. ಕಡೆಗೊಂದು ಸಂಜೆ ಕಾಣಲೇ ಇಲ್ಲ. ಪ್ರಾಣಿಗಳ ಎದೆ ಧಸಕ್ಕೆಂದಿತು. ಮಾಯಣ್ಣ ಎಂಬ ನರಿಗೆ ಇಷ್ಟೇ ಸಾಕಾಯಿತು. ಅವನು ಬಂಡೆಯ ಮೇಲೆ ನಿಂತು, ಆಕಾಶ ಮುನಿದಿದೆ, ಹೀಗೇ ಬಿಟ್ಟರೆ ಚುಕ್ಕಿಗಳೆಲ್ಲ ಒಂದೊಂದಾಗಿ ಆರಿಹೋಗುತ್ತವೆ ಎಂದ. ತನಗೊಂದು ಮಂತ್ರ ಗೊತ್ತು, ಹಸಿದ ಹೊಟ್ಟೆಯಲ್ಲಿ ಅದು ಫಲಿಸುವುದಿಲ್ಲ, ದಿನಕ್ಕೊಂದು ಗೂಡಿನ ಮೊಟ್ಟೆ ತಂದುಕೊಟ್ಟರೆ ಚುಕ್ಕಿಯನ್ನು ಮರಳಿ ಕರೆಸುತ್ತೇನೆ ಎಂದೂ ಸೇರಿಸಿದ.

ಗೌಜಲಕ್ಕಿ ಕೊಟ್ಟಿತು. ಪುರಲೆಹಕ್ಕಿ ಅಳುತ್ತ ಕೊಟ್ಟಿತು. ಆರನೆಯ ದಿನ ಸೋಗೆವ್ವ ಎಂಬ ಹೆಣ್ಣುನವಿಲಿನ ಪಾಳಿ ಬಂತು. ಅವಳ ಗೂಡಿನಲ್ಲಿ ನಾಲ್ಕು ಮೊಟ್ಟೆ. ಇಂದೋ ನಾಳೆಯೋ ಮರಿ ಹೊರಬರಬೇಕು, ಒಳಗಿನಿಂದ ಕುಟುಕುವ ಸದ್ದು ಆಗಲೇ ಕೇಳುತ್ತಿತ್ತು. ಎಲ್ಲಿ ಹೋಗಬೇಕೆಂದು ತಿಳಿಯದೆ ಅವಳು ಹುಣಸೆಮರದ ಬುಡದಲ್ಲಿ ಕೂತು ಅತ್ತಳು. ಬೋರವ್ವ ಮೇಲಿನಿಂದ ಎಲ್ಲ ಕೇಳಿಸಿಕೊಂಡಳು. ಹುಟ್ಟಿದಾಗಿನಿಂದ ನಾಲ್ಕು ಜನರ ಮುಂದೆ ಬಾಯಿ ಬಿಟ್ಟವಳಲ್ಲ. ಆದರೂ ಆ ಸಂಜೆ ಮೆಲ್ಲಮೆಲ್ಲನೆ ಮರ ಇಳಿದು ಬಂಡೆಯ ಬಳಿಗೆ ನಡೆದಳು.

"ಆ ಚುಕ್ಕಿ ಆರಿಲ್ಲ" ಎಂದಳು. "ನನ್ನ ಕಾಲದಲ್ಲೇ ಮೂರು ಸಲ ಹೀಗೆ ಮುಳುಗಿದೆ. ಮೂರು ಸಲವೂ ಹತ್ತು ಹದಿನೈದು ದಿನ ಬಿಟ್ಟು, ನಸುಕಿನಲ್ಲಿ ಮೂಡಣದಲ್ಲಿ ಎದ್ದಿದೆ. ಸಂಜೆಯ ಚುಕ್ಕಿ, ಮುಂಜಾನೆಯ ಬೆಳ್ಳಿ ಎರಡಲ್ಲ. ಒಂದೇ."

ಪ್ರಾಣಿಗಳು ನಕ್ಕುಬಿಟ್ಟವು. ಮಾಯಣ್ಣ ಮಾತ್ರ ನಗಲಿಲ್ಲ. ನಾಳೆ ಸಂಜೆಯೇ ಚುಕ್ಕಿಯನ್ನು ಪಡುವಣದಲ್ಲಿ ತೋರಿಸುತ್ತೇನೆ, ತೋರಿಸಿದರೆ ನಾಲ್ಕೂ ಮೊಟ್ಟೆ ತನಗೆ, ಬೋರವ್ವ ಕಾಡು ಬಿಟ್ಟು ಹೋಗಬೇಕು ಎಂದ. ಎಲ್ಲರೂ ಆಗಲಿ ಎಂದರು. ಬೋರವ್ವನೂ ಆಗಲಿ ಎಂದಳು.

ಮಾರನೆಯ ಸಂಜೆ ಕತ್ತಲಾಗುತ್ತಲೇ ಪಡುವಣ ಗುಡ್ಡದ ನೆತ್ತಿಯಲ್ಲಿ ಬೆಳಕೊಂದು ಕಂಡಿತು. ಪ್ರಾಣಿಗಳು ತಲೆಬಾಗಿದವು. ಮಾಯಣ್ಣ ನಾಲಗೆ ಚಪ್ಪರಿಸುತ್ತ ಗೂಡಿನ ಕಡೆ ಹೆಜ್ಜೆಯಿಟ್ಟ. ಒಂದು ಗಳಿಗೆ ತಡೆಯಿರಿ ಎಂದು ಬೋರವ್ವ ಬೇಡಿಕೊಂಡಳು. ಗಳಿಗೆ ಕಳೆಯಿತು. ಆಮೇಲೆ ಅವಳು ಕೈಯೆತ್ತಿ ತೋರಿಸಿದಳು.

"ಅದರ ಸುತ್ತಲಿನ ಚುಕ್ಕಿಗಳನ್ನು ನೋಡಿ. ಎಲ್ಲವೂ ಗುಡ್ಡದ ಹಿಂದಕ್ಕೆ ಜಾರುತ್ತಿವೆ. ಇದೊಂದು ಮಾತ್ರ ಕೂತಲ್ಲೇ ಕೂತಿದೆ. ಕೂತಲ್ಲೇ ಕೂರುವುದು ಉತ್ತರದ ಧ್ರುವನೊಬ್ಬನೇ. ಪಡುವಣದಲ್ಲಿ ಹಾಗೆ ಕೂರುವ ಚುಕ್ಕಿ ನಾನು ಕಂಡಿಲ್ಲ."

ಎಲ್ಲರೂ ನೋಡಿದರು. ಅವಳು ಹೇಳಿದಂತೆಯೇ ಇತ್ತು. ಹಿರಿಯ ಮುಳ್ಳುಹಂದಿ ಕರಿಯಯ್ಯ ಗುಡ್ಡ ಹತ್ತಿ ಹೋಗಿ, ಒಂದು ಒಣ ಸೋರೆಬುರುಡೆಯನ್ನು ಉರುಳಿಸಿಕೊಂಡು ಬಂದ. ಬಾಯಿಗೆ ಜೇಡರಬಲೆ ಕಟ್ಟಿತ್ತು. ಬಲೆ ಹರಿದದ್ದೇ ತಡ, ಒಳಗೆ ತುಂಬಿದ್ದ ಮಿಣುಕುಹುಳುಗಳು ಬುಳುಬುಳು ಹೊರಗೆ ಹಾರಿದವು. ಮಾಯಣ್ಣ ಓಟ ಕಿತ್ತ. ಆದರೆ ಕರಿಯಯ್ಯ ಬೆನ್ನು ತಿರುಗಿಸಿ ಅಡ್ಡ ನಿಂತಿದ್ದ. ಮೂತಿಯ ತುಂಬ ಮುಳ್ಳು ಚುಚ್ಚಿಸಿಕೊಂಡು ಕುಯ್ಗುಡುತ್ತ ಗುಡ್ಡ ದಾಟಿದ ನರಿ ಮತ್ತೆ ಆ ಕಾಡಿಗೆ ಕಾಲಿಡಲಿಲ್ಲ.

ನರಿಯ ಮಾತು ಸುಳ್ಳಾಯಿತು, ನಿಜ. ಆದರೆ ಬೋರವ್ವನ ಮಾತು ನಿಜವೇ? ಅಂದಿನಿಂದ ಪ್ರಾಣಿಗಳೆಲ್ಲ ನಸುಕಿಗೇ ಎದ್ದು ಹುಣಸೆಮರದ ಕೆಳಗೆ ಸೇರತೊಡಗಿದವು. ಮೊದಲ ದಿನ ಮೂಡಣ ಬರಿದಾಗಿತ್ತು. ಎರಡನೆಯ ದಿನವೂ ಬರಿದೇ. ಅಲ್ಲಲ್ಲಿ ಗುಸುಗುಸು ಎದ್ದಿತು. ಬೋರವ್ವ ಮಾತ್ರ ಮೂಡಣದಿಂದ ಕಣ್ಣು ಕದಲಿಸಲಿಲ್ಲ. ನಾಲ್ಕನೆಯ ನಸುಕಿನಲ್ಲಿ, ಮೂಡಣ ಬೆಳ್ಳಗಾಗುವ ಮುಂಚೆ, ಬಂಡೆಗಳ ಅಂಚಿನಿಂದ ಬೆಳ್ಳಿಚುಕ್ಕಿ ಮೇಲೆದ್ದಿತು. ತೊಳೆದ ಮುತ್ತಿನ ಹಾಗೆ.

ಸೋಗೆವ್ವ ತನ್ನ ನಾಲ್ಕು ಮರಿಗಳನ್ನು ರೆಕ್ಕೆಯಿಂದ ಮುಂದಕ್ಕೆ ತಳ್ಳಿ, ನೋಡಿ ಮಕ್ಕಳೇ ಎಂದಳು. ಮಕ್ಕಳು ಚುಕ್ಕಿಯನ್ನು ನೋಡಲಿಲ್ಲ, ತುದಿಗೊಂಬೆಯ ಬೋರವ್ವನನ್ನು ನೋಡಿದವು. ಅವಳು ಬೆನ್ನು ನೆಟ್ಟಗೆ ಮಾಡಿ ಕೂತಳು.

"ತಾಯೀ, ಇದರ ಮೇಲೆ ಕಾಣುವ ಆ ಕೆಂಪು ಚುಕ್ಕಿ ಯಾವುದು?" ಎಂದು ಕರಿಯಯ್ಯ ಕೇಳಿದ.

ಅಷ್ಟು ವರ್ಷಗಳಲ್ಲಿ ಅವಳನ್ನು ಯಾರಾದರೂ ಏನನ್ನಾದರೂ ಕೇಳಿದ್ದು ಅದೇ ಮೊದಲು. ಬೋರವ್ವ ಹೇಳತೊಡಗಿದಳು. ಹೊತ್ತು ಹುಟ್ಟಿ ಚುಕ್ಕಿಗಳೆಲ್ಲ ಅಡಗಿದ ಮೇಲೂ ಅವಳು ಹೇಳುತ್ತಲೇ ಇದ್ದಳು, ಅವರು ಕೇಳುತ್ತಲೇ ಇದ್ದರು.

ನೀತಿ: ತಾಳ್ಮೆಯಿಂದ ಕಣ್ಣಾರೆ ಕಂಡು ಕಲಿತ ಅರಿವಿನ ಮುಂದೆ, ಹೆದರಿಸಿ ಹೊಟ್ಟೆ ಹೊರೆಯುವವರ ಮೋಸ ನಿಲ್ಲದು.