ಕಲ್ಲಿಳಿದ ಗುಡ್ಡ

ಹುಣಸೆಪಾಳ್ಯದ ಚರ್ಚಿನ ಹಿಂದಿರುವ ಬೋಳುಗುಡ್ಡಕ್ಕೆ ಕಲ್ಲಿಳಿದ ಗುಡ್ಡವೆಂದು ಹೆಸರು. ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳಾದ ತಪಸ್ಸುಕಾಲದಲ್ಲಿ ಇಲ್ಲಿನ ಕ್ರೈಸ್ತರು ಇದನ್ನು ಬರಿಗೈಯಲ್ಲಿ ಹತ್ತುತ್ತಾರೆ. ಕಾರಣ ಕೇಳಿದರೆ ಹಿರಿಯರು ಇನ್ನಾಸಪ್ಪನ ಕಥೆ ತೆಗೆಯುತ್ತಾರೆ.

ಹಿಂದೆ ಇಲ್ಲಿ ಶುಭ ಶುಕ್ರವಾರದಂದು ಕಲ್ಲು ಹೊರುವ ಪದ್ಧತಿಯಿತ್ತಂತೆ. ತಂತಮ್ಮ ಪಾಪಕ್ಕೆ ತಕ್ಕ ಕಲ್ಲನ್ನು ಹೊತ್ತು ತಂದು ತುದಿಯ ಶಿಲುಬೆಯ ಬುಡದಲ್ಲಿ ಇಳಿಸಿದರೆ ಮನಸ್ಸು ಹಗುರಾಗುವುದೆಂದು ನಂಬಿಕೆ. ಇನ್ನಾಸಪ್ಪ ಅನುಕೂಲಸ್ಥ, ಚರ್ಚಿನ ಪೂಜೆ ತಪ್ಪಿಸಿದವನಲ್ಲ. ಆದರೆ ಪಕ್ಕದ ಹೊಲದ ಆರೋಗ್ಯಮ್ಮನ ಗಂಡ ತೀರಿಕೊಂಡ ವರ್ಷ, ಎರಡು ಹೊಲಗಳ ನಡುವಿನ ಎಲ್ಲೆಕಲ್ಲನ್ನು ಕಿತ್ತು ಅವಳ ಕಡೆಗೆ ಸರಿಸಿ ನೆಟ್ಟಿದ್ದ. ಯಾರೂ ನೋಡಿರಲಿಲ್ಲ. ಆದರೂ ಹಾಗೆ ಒತ್ತಿಕೊಂಡ ಪಟ್ಟಿಯಲ್ಲಿ ಬೆಳೆದ ರಾಗಿಯ ಮುದ್ದೆ ಅವನ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ತಪಸ್ಸುಕಾಲ ಶುರುವಾಗುವ ವಿಭೂತಿ ಬುಧವಾರ ಹಣೆಗೆ ಬೂದಿ ತಾಗಿದಾಗ ಆ ಕಲ್ಲೇ ಕಣ್ಣೆದುರು ಬಂತು. ಪಾದ್ರಿಯ ಬಳಿ ಪಾಪನಿವೇದನೆಗೆ ಮೊಣಕಾಲೂರಿದವನು ಉಪವಾಸ ಮುರಿದದ್ದನ್ನು, ಹೆಂಡತಿಯನ್ನು ಬೈದದ್ದನ್ನು ಹೇಳಿ, ಇದೊಂದನ್ನು ನುಂಗಿಕೊಂಡು ಎದ್ದುಬಂದ. ಕೊನೆಗೆ ಅವನಿಗೊಂದು ಉಪಾಯ ಹೊಳೆಯಿತು. ಆ ಎಲ್ಲೆಕಲ್ಲನ್ನೇ ಗುಡ್ಡಕ್ಕೆ ಹೊತ್ತರೆ ಶಿಕ್ಷೆಯೂ ಆಯಿತು, ಸಾಕ್ಷಿಯೂ ಹೋಯಿತು.

ಅಂಥ ಭಾರದ ಕಲ್ಲನ್ನು ಆವರೆಗೆ ಯಾರೂ ಹೊತ್ತಿರಲಿಲ್ಲ. ಅವನ ಹೆಗಲ ಚರ್ಮ ಸುಲಿಯಿತು. ಜನ ದಾರಿ ಬಿಟ್ಟುಕೊಟ್ಟು ಪುಣ್ಯಾತ್ಮನೆಂದು ಹೊಗಳಿದರು. ಹೊಗಳಿದಷ್ಟೂ ಅವನಿಗೆ ನಾಚಿಕೆ ಹೆಚ್ಚಾಯಿತು. ತುದಿಯಲ್ಲಿ ಕಲ್ಲಿಳಿಸಿ ಅತ್ತ. ಆ ಅಳು ಸುಳ್ಳಲ್ಲ ಎನ್ನುತ್ತಾರೆ. ಮೊದಲೇ ಬಂದು ಪ್ರಾರ್ಥಿಸುತ್ತಿದ್ದ ಆರೋಗ್ಯಮ್ಮ ಕಲ್ಲನ್ನು ನೋಡಿದಳು. ಅದರ ಮೇಲೆ ಅವಳ ಗಂಡ ಉಳಿಯಿಂದ ಕೆತ್ತಿದ್ದ ಪುಟ್ಟ ಶಿಲುಬೆಯಿತ್ತು. ಅವಳು ದನಿ ಏರಿಸಲಿಲ್ಲ.

“ಕಲ್ಲ ದೇವ್ರಿಗೆ ತಂದೆ ಕಣಣ್ಣ, ಸರಿ. ನನ್ ಹೊಲ ಯಾವಾಗ ತತ್ತೀಯ?”

 ಇನ್ನಾಸಪ್ಪ “ಈಗ್ಲೇ ಕಣವ್ವ” ಎಂದು ಕಲ್ಲನ್ನು ಮತ್ತೆ ಹೆಗಲಿಗೇರಿಸಿದ. ಹತ್ತುವಾಗ ಯಾರೂ ಏನನ್ನೂ ಕೇಳಿರಲಿಲ್ಲ. ಈಗ ಎದುರಾದವರೆಲ್ಲ ಯಾಕಯ್ಯ ಇಳಿಸ್ತಿದ್ದೀಯ ಎಂದು ಕೇಳುವವರೇ. “ಆರೋಗ್ಯಮ್ಮನ ಎಲ್ಲೆಕಲ್ಲು. ನಾನು ಕಿತ್ತಿದ್ದೆ” ಎಂದು ಒಬ್ಬೊಬ್ಬರಿಗೂ ಹೇಳುತ್ತ ಇಳಿದ. ಹತ್ತುವ ದಾರಿಗಿಂತ ಇಳಿಯುವ ದಾರಿ ಅವನಿಗೆ ಉದ್ದವಾಯಿತು. ಹೊಲಕ್ಕೆ ಬಂದು ಹಳೆಯ ಕುಳಿಯಲ್ಲೇ ಕಲ್ಲನ್ನು ನೆಟ್ಟ. ಮರುವರ್ಷದಿಂದ ಊರಿನವರು ಕಲ್ಲು ಹೊರುವುದನ್ನು ಬಿಟ್ಟರು. ಮೊದಲು ನೆರೆಮನೆಗೆ ಹೋಗಿ, ಕೊಡಬೇಕಾದ್ದನ್ನು ಕೊಟ್ಟು, ಆಮೇಲೆ ಗುಡ್ಡ ಹತ್ತತೊಡಗಿದರು.

ಈಗ ಹೋದವರಿಗೆ ತುದಿಯಲ್ಲಿ ಶಿಲುಬೆಯೂ ಅದರ ಬುಡದಲ್ಲಿ ಹಿಂದಿನವರು ಇಳಿಸಿದ ಹಳೆಯ ಕಲ್ಲುಗಳೂ ಕಾಣುತ್ತವೆ. ಇನ್ನಾಸಪ್ಪ ಹೊತ್ತ ಕಲ್ಲು ಮಾತ್ರ ಕೆಳಗೆ ರಾಗಿಹೊಲಗಳ ನಡುವೆ ನಿಂತಿದೆ. ಆರೋಗ್ಯಮ್ಮನ ವಂಶದವರು ಅದರ ಬುಡದವರೆಗೂ ಉಳುತ್ತಾರೆ. ಇನ್ನಾಸಪ್ಪನ ವಂಶದವರು ಮಾತ್ರ ಇಂದಿಗೂ ತಮ್ಮ ಕಡೆ ಒಂದು ಮೊಳ ನೆಲವನ್ನು ಉಳದೆ ಬಿಡುತ್ತಾರೆ.