ಬೀಗರೂಟದ ಬರಿಮಡಕೆ

"ನನ್ನ ಅರಮನೆಯಲ್ಲಿ ಖಾಲಿ ಅನ್ನೋದೇ ಇರಕೂಡದು!" ಎಂದು ರಾಜ ಧೀರವರ್ಮ ಮೀಸೆ ತಿರುವಿದ. ಮರುದಿನ ಬೀಗರು ಬರುವವರಿದ್ದರು. ಉಗ್ರಾಣ ನೋಡಲು ಬಂದವನ ಕಣ್ಣಿಗೆ ಮೊದಲು ಬಿದ್ದದ್ದೇ ಎರಡು ಬರಿಮಡಕೆ.

ಉಗ್ರಾಣದ ಉಸ್ತುವಾರಿ ವಿದೂಷಕ ಬೊಪ್ಪಣ್ಣನದು.

"ಏನೋ ಇದು?"

"ಬೀಗರೂಟದ ಮಡಕೆ, ಪ್ರಭು. ಒಳಗೇನಿಲ್ಲ. ಮಡಕೆಯ ಕೊರಳಿಂದ ಹೊರಟ ದಾರ ನೋಡಿ. ಅಕ್ಕಿ ಮೂಟೆಗೊಂದು, ಬೇಳೆಗೊಂದು, ಬೆಲ್ಲಕ್ಕೊಂದು ಕಟ್ಟಿದೆ. 'ಬೀಗರೂಟ' ಅಂದರೆ ಸಾಕು, ಅಡುಗೆಯವರು ದಾರ ಹಿಡಿದು ಎಲ್ಲಾ ತರ್ತಾರೆ."

"ಇನ್ನೊಂದು?"

"ಕಮಲಿ ತುಪ್ಪದ ಮಡಕೆ, ಇದೂ ಖಾಲಿ. ಕಮಲಿ ಹಸು ಎಂದೋ ತೀರಿಕೊಂಡಿತು. ರಾಜಮಾತೆ ಈಗಲೂ ಕಮಲಿ ತುಪ್ಪವನ್ನೇ ಕೇಳ್ತಾರೆ. ಇದರ ದಾರ ಗೌರಿ ಹಸುವಿನ ತುಪ್ಪಕ್ಕೆ ಹೋಗುತ್ತೆ. ಅವರಿಗೂ ಸಮಾಧಾನ, ಗೌರಿಗೂ ಬೇಜಾರಿಲ್ಲ."

"ಬರಿಮಡಕೆ ಕಾಯೋಕೆ ನಿನಗೆ ಸಂಬಳ ಬೇರೆ! ಎರಡನ್ನೂ ಈಗಲೇ ಎಸಿ. ನಾಳೆ ಊಟ ಮುಗಿದ ಮೇಲೆ ನೀನೂ ಹೊರಡು."

"ಅಪ್ಪಣೆ. ನಿಮ್ಮ ತಾತನವರ ಕಟ್ಟಳೆಯಂತೆ ಎಸೀಲೇ?"

"ಮತ್ತೆ? ಚಾಚೂ ತಪ್ಪದೆ ಮಾಡು!"

ಕಟ್ಟಳೆ ಏನೆಂದು ಕೇಳದೆಯೇ ರಾಜ ಹೊರಟುಬಿಟ್ಟ. ಬೊಪ್ಪಣ್ಣನಿಗೆ ಬೇಕಾದದ್ದೂ ಅಷ್ಟೇ.

ಮರುದಿನ ಬೀಗರು ಬಂದಿಳಿದರು. ರಾಜ ಉಗ್ರಾಣಕ್ಕೆ ಕಾಲಿಟ್ಟರೆ, ಇಲಿಯೂ ಮುಖ ಸಿಂಡರಿಸಿ ಹೊರಹೋಗುವಷ್ಟು ಖಾಲಿ.

"ಬೊಪ್ಪಣ್ಣಾ! ಅಕ್ಕಿ ಎಲ್ಲೋ?"

"ಕಟ್ಟಳೆಯಂತೆ ಹೋಯ್ತು ಪ್ರಭು. ದಾರ ಕಟ್ಟದ ಪದಾರ್ಥ ಯಾರಿಗೂ ಬೇಡದ್ದು, ಅದನ್ನು ಛತ್ರಕ್ಕೆ ಕಳಿಸಿ ಅಂದಿದ್ದಾರೆ ತಾತನವರು. ಮಡಕೆ ಹೋದವು, ದಾರವೂ ಹೋಯ್ತು. ಅಕ್ಕಿ, ಬೇಳೆ, ಬೆಲ್ಲ, ಗೌರಿ ತುಪ್ಪ ಎಲ್ಲಾ ಪಾಪ, ದಿಕ್ಕಿಲ್ಲದವಾದವು."

"ಬೀಗರ ಮುಂದೆ ಮಾನ ಹೋಯ್ತಲ್ಲೋ!"

"ಎಲ್ಲಿ ಹೋಯ್ತು? ಛತ್ರದಲ್ಲಿ ಹೋಳಿಗೆ ಬೇಯ್ತಿದೆ, ಬೀಗರನ್ನು ಅಲ್ಲೇ ಎಲೆ ಮುಂದೆ ಕೂರಿಸಿ ಬಂದೆ. ರಾಜಮಾತೆ ಮಾತ್ರ 'ಕಮಲಿ ತುಪ್ಪ ಎಲ್ಲಿ' ಅಂತ ಕೂಗ್ತಿದ್ದಾರೆ. ಅದಕ್ಕೆ ನೀವೇ ಉತ್ತರ ಹೇಳಬೇಕು."

ರಾಜನಿಗೆ ಬೀಗರಿಗಿಂತ ಆ ಮಾತಿಗೇ ಬೆವರಿಳಿಯಿತು. "ಮಡಕೆ ವಾಪಸ್ ತಾರಯ್ಯ! ಆದರೂ, ಒಳಗೇನೂ ಇಲ್ಲದ್ದಕ್ಕೆ ಇಷ್ಟೊಂದು ಮರ್ಯಾದೆಯೇ?"

"ಸಿಂಹಾಸನದ ಮೇಲೆ ಕೂತವರು ಹೊಲ ಉಳೋಲ್ಲ, ಒಲೆ ಹಚ್ಚೋಲ್ಲ, ಕೋಟೆ ಬಾಗಿಲೂ ಕಾಯೋಲ್ಲ. ಆದರೂ ಅವರನ್ನು ಕೆಳಗಿಳಿಸಿದರೆ ಮಂತ್ರಿಯಿಂದ ಅಡುಗೆಯವನವರೆಗೂ ಗಂಟುಮೂಟೆ ಕಟ್ಟಬೇಕಾಗುತ್ತೆ. ಆ ಮರ್ಯಾದೆಯಲ್ಲೇ ಒಂದು ಚೂರು ಮಡಕೆಗೂ ಇರಲಿ, ಪ್ರಭು."

ರಾಜ ಹೊಟ್ಟೆ ಹಿಡಿದು ನಕ್ಕ. ತನ್ನ ಮುತ್ತಿನ ಹಾರ ತೆಗೆದು ಬೊಪ್ಪಣ್ಣನ ಕೊರಳಿಗೆ ಹಾಕಿದ.

"ತಗೋ, ನಿನಗೂ ದಾರ ಕಟ್ಟಿದೆ. ಇನ್ನು ತಾತನ ಕಟ್ಟಳೆಯೂ ನಿನ್ನನ್ನು ಎಸೆಯೋಕಾಗಲ್ಲ!"