ತಿಪ್ಪೇಶಿ ಹಿಮದ ಬೆಟ್ಟಕ್ಕೆ ಸೀಟು ಹಿಡಿದದ್ದು

ನಮ್ಮ ಕರಿಗುಂಡ್ಲಹಳ್ಳಿಯಲ್ಲಿ ಮಾರಕ್ಕ ಅಂತ ಒಬ್ಬಳು, ಅವಳಿಗೆ ತಿಪ್ಪೇಶಿ ಅಂತ ಒಬ್ಬನೇ ಮಗ. ಇಪ್ಪತ್ತೆರಡು ವರ್ಷ, ಆಳು ಲೈಟಿನ ಕಂಬದ ಹಾಗಿದ್ದಾನೆ, ತಲೆ ಮಾತ್ರ ಖಾಲಿ ಗಡಿಗೆ. "ಬಾಗಿಲಲ್ಲೇ ಇರು, ಕದಲಬೇಡ" ಅಂದರೆ ಸಂಜೆವರೆಗೂ ಬಾಗಿಲಲ್ಲೇ ಇರ್ತಾನೆ. ಹಿತ್ತಲಿಂದ ಮೇಕೆ ನುಗ್ಗಿ ಹಿಟ್ಟು ತಿನ್ನೋದನ್ನ ನಿಂತಲ್ಲಿಂದಲೇ ನೋಡ್ತಾನೆ.

"ಇವನ್ನ ಹೆರೋ ಬದಲು ಒರಳುಕಲ್ಲು ಹೆತ್ತಿದ್ದರೆ ಚಟ್ನಿಯಾದರೂ ರುಬ್ಬಬಹುದಿತ್ತು" ಅಂತ ಮಾರಕ್ಕ ಹಣೆ ಚಚ್ಚಿಕೊಳ್ತಾಳೆ.

ಇನ್ನು ನಾನು ಪಾಲಯ್ಯ, ಊರ ಕಬಡ್ಡಿ ತಂಡದ ಕ್ಯಾಪ್ಟನ್. ನಾನು ತೊಡೆ ತಟ್ಟಿದರೆ ಎದುರು ತಂಡದವರಿಗೆ ಬಾಯಾರಿಕೆ ಆಗುತ್ತೆ. ಈ ಸಲ ಕಪ್ ಗೆದ್ದ ಜೋರಲ್ಲಿ, ಸೋತು ಕೂತಿದ್ದ ಪಕ್ಕದೂರಿನವರ ಮುಂದೆ ಹೇಳಿಬಿಟ್ಟೆ: "ನಮ್ಮ ತಂಡ ಹಿಮಾಚಲಕ್ಕೆ ಹೋಗುತ್ತೆ. ಕಾಲಿಗೆ ಹಲಗೆ ಕಟ್ಟಿ ಹಿಮದ ಮೇಲೆ ಸ್ಕೀ ಆಡುತ್ತೆ. ಆಡದಿದ್ದರೆ ಈ ಮೀಸೆ ಬೋಳಿಸ್ತೀನಿ."

ಹೇಳಿದ್ದಾಯ್ತು. ಆದರೆ ಬಿಸಿಲು ಬಿಟ್ಟು ಬೇರೇನೂ ಬೆಳೆಯದ ಊರು ನಮ್ಮದು. ಸೋಡಾ ಅಂಗಡಿಯ ಐಸು ಬಿಟ್ಟರೆ ಹಿಮ ಯಾರು ಕಂಡಿದ್ದಾರೆ? ಆದರೂ ರೆಸಾರ್ಟಿಗೆ ಫೋನ್ ಮಾಡಿದೆ, ಹನ್ನೆರಡು ಜನಕ್ಕೆ ರೂಮು ಹೇಳಿದೆ, ಹೋಗಿ ಬರೋ ರೈಲು ಟಿಕೆಟ್ ತಂದೆ. ಆಮೇಲೆ ನೋಡಿದರೆ ಒಬ್ಬನಿಗೆ ಮದುವೆ ಗೊತ್ತಾಗಿ ಅವನ ಜಾಗ ಖಾಲಿ ಆಯ್ತು.

ಅದು ಕಿವಿಗೆ ಬಿದ್ದು ಮಾರಕ್ಕ ಬಂದಳು. "ಪಾಲಯ್ಯ, ನನ್ನ ಮಗನ್ನ ಕರಕೊಂಡು ಹೋಗಪ್ಪಾ. ಅವನು ಪೇಟೆಯಾಚೆ ಏನೂ ಕಂಡಿಲ್ಲ."

"ಹೋಗೋ ತಯಾರಿ ಇದೆ ಮಾರಕ್ಕ. ಹೇಳಿದ ಕೆಲಸ ಸರಿಯಾಗಿ ಮಾಡಲಿ, ಆ ಸೀಟು ಅವನದೇ" ಅಂದೆ.

ಮೊದಲನೇ ಕೆಲಸ. ಕಾಲು ಚಳಿಗೆ ಪಳಗಬೇಕಲ್ಲ, ಪೇಟೆಯಿಂದ ಐಸಿನ ಗಡ್ಡೆ ತಾ ಅಂದೆ. ಮಧ್ಯಾಹ್ನದ ಹೊತ್ತಿಗೆ ಬಂದ. ತಲೆ ಒದ್ದೆ, ಅಂಗಿ ಒದ್ದೆ, ಕೈ ಖಾಲಿ.

"ಐಸೆಲ್ಲೋ?"

"ತಲೆ ಮೇಲಿತ್ತಣ್ಣ. ಬರ್ತಾ ಬರ್ತಾ ಬೆನ್ನಿಗೆ ಬಂತು."

ಎಂಟು ಮೈಲಿ ಬಿಸಿಲಲ್ಲಿ ತಲೆ ಮೇಲೆ ಹೊತ್ತುಕೊಂಡೇ ಬಂದಿದ್ದ. ನನಗೆ ಮಾತೇ ಹೊರಡಲಿಲ್ಲ. ನನಗೇ ಮಾತು ಹೊರಡಲಿಲ್ಲ ಅಂದರೆ ಯೋಚನೆ ಮಾಡಿ.

ಮಾರಕ್ಕ ಬೈದಳು. "ಅಯ್ಯೋ ಮಂಕೇ, ಪೇಟೆಯಿಂದ ತರೋದನ್ನ ಗೋಣಿಚೀಲಕ್ಕೆ ಹಾಕಿ, ಸುತ್ತ ಶೇಂಗಾ ಹೊಟ್ಟು ತುಂಬಿ, ಬಾಯಿ ಹೊಲಿದು ತರಬೇಕು. ಆಗ ಕೆಡಲ್ಲ."

"ಆಯ್ತವ್ವ, ಹಾಗೇ ಮಾಡ್ತೀನಿ."

ಎರಡನೇ ಕೆಲಸ. ಎಣ್ಣೆ ಗಿರಣಿ ಹಿಂದೆ ಶೇಂಗಾ ಹೊಟ್ಟಿನ ಗುಡ್ಡೆ ಇದೆ, ಮೂರಾಳು ಎತ್ತರ. ಅದರ ಮೇಲಿಂದ ಜಾರಿ ಕಲೀಬೇಕು ಅನ್ನೋದು ನನ್ನದೇ ಐಡಿಯಾ. ಬೇರೆಯವರಿಗೆ ಹೊಳೆಯೋದಲ್ಲ ಅದು. ಕಲಿಸೋಕೆ ಪೇಟೆಯಲ್ಲಿ ಸೂರಯ್ಯನೋರು ಇದ್ದರು, ರಿಟೈರ್ ಆದ ಹವಾಲ್ದಾರ್ರು. ಹದಿನೆಂಟು ವರ್ಷ ಹಿಮದಲ್ಲಿ ಗಡಿ ಕಾದವರು. ಗಾಡಿ ಕಟ್ಟಿಕೊಂಡು ಹೋಗಿ ಅವರನ್ನ ಕರಕೊಂಡು ಬಾ ಅಂತ ತಿಪ್ಪೇಶಿಯನ್ನ ಕಳಿಸಿದೆ.

ಗಾಡಿ ಬಂತು. ಗಾಡಿಯಲ್ಲಿ ಒಂದೇ ಒಂದು ಗೋಣಿಚೀಲ. ಚೀಲ ಕೆಮ್ಮಿತು.

ಓಡಿಹೋಗಿ ಹೊಲಿಗೆ ಬಿಚ್ಚಿದರೆ, ಮೀಸೆ ತುಂಬ ಹೊಟ್ಟು ಅಂಟಿಸಿಕೊಂಡು ಸೂರಯ್ಯನೋರ ತಲೆ ಮೇಲೆ ಬಂತು.

"ಹದಿನೆಂಟು ವರ್ಷ ಗಡಿಯಲ್ಲಿದ್ದೆ. ಶತ್ರುಗಳೂ ನನ್ನ ಚೀಲಕ್ಕೆ ತುಂಬಿರಲಿಲ್ಲ" ಅಂದರು.

"ಕೆಟ್ಟಿಲ್ಲ ಅಣ್ಣ, ಚೆನ್ನಾಗೇ ಇದಾರೆ. ಉಸಿರಿಗೆ ತೂತು ಬಿಟ್ಟಿದ್ದೆ" ಅಂದ ತಿಪ್ಪೇಶಿ.

ಮಾರಕ್ಕ ಸೂರಯ್ಯನೋರ ಕಾಲಿಗೆ ಬಿದ್ದಳು, ಎದ್ದು ಮಗನ ಕಡೆ ತಿರುಗಿದಳು. "ಹೀಗಾ ತರೋದು? ಹಾರ ಹಾಕಬೇಕು, ಮುಂದಿನ ಸೀಟಲ್ಲಿ ಕೂರಿಸಬೇಕು, ದಾರಿಯಲ್ಲಿ ಹೊಟ್ಟೆ ತುಂಬ ನೀರು ಕುಡಿಸಬೇಕು."

"ಆಯ್ತವ್ವ, ಹಾಗೇ ಮಾಡ್ತೀನಿ."

ಮೂರನೇ ಕೆಲಸ. ಪೇಟೆಯ ಬಡಗಿ ನಮಗೆ ಜಾರೋ ಹಲಗೆ ಮಾಡಿಟ್ಟಿದ್ದ, ತೆಳ್ಳಗೆ, ಮೂತಿ ಬಗ್ಗಿಸಿ. ಅವನ್ನ ಬಸ್ಸಲ್ಲಿ ತರೋಕೆ ಕಳಿಸಿದೆ.

ಬಸ್ಸು ಬಂದು ನಿಂತಿತು. ಮುಂದಿನ ಸೀಟುಗಳಲ್ಲಿ ಸಾಲಾಗಿ ಹಲಗೆಗಳು ಕೂತಿವೆ. ಒಂದೊಂದಕ್ಕೂ ಚೆಂಡು ಹೂವಿನ ಹಾರ. ಪಕ್ಕದಲ್ಲಿ ಒಬ್ಬಳು ಬಸುರಿ ಕಂಬಿ ಹಿಡಿದು ನಿಂತಿದ್ದಾಳೆ. ತಿಪ್ಪೇಶಿ ಕೊಡದಲ್ಲಿ ನೀರು ಹೊಯ್ದೂ ಹೊಯ್ದೂ ಹಲಗೆ ಉಬ್ಬಿ, ಮೂತಿ ಸೊಟ್ಟಗಾಗಿದೆ.

ಕಂಡಕ್ಟರ್ ನನ್ನ ಕಡೆ ಬೆರಳು ಮಾಡಿದ. "ಇವು ನಿಮ್ಮ ನೆಂಟರಾ?"

ಮಾರಕ್ಕ ಹಣೆ ಚಚ್ಚಿಕೊಂಡಳು. "ಹಲಗೆಗೆ ಯಾಕೋ ಸೀಟು? ನಿಂತಿರೋ ಮನುಷ್ಯರಿಗೆ ಸೀಟು ಬಿಟ್ಟುಕೊಡಬೇಕು ಕಣೋ."

"ಆಯ್ತವ್ವ, ಹಾಗೇ ಮಾಡ್ತೀನಿ."

ಆವತ್ತೇ ನಾನು ತೀರ್ಪು ಕೊಟ್ಟೆ. ಖಾಲಿ ಸೀಟು ಸೂರಯ್ಯನೋರಿಗೆ. ತಿಪ್ಪೇಶಿ ಬರೋ ಹಾಗಿಲ್ಲ. ಮಾರಕ್ಕ ಮಗನಿಗೆ ಅಂತ ಹೆಣೆದಿದ್ದ ಕೆಂಪು ಸ್ವೆಟರ್ ಮಡಚಿಕೊಂಡು ಹೋದಳು. ನನಗೆ ಕರುಳು ಚುರುಕ್ ಅಂತು, ಸುಳ್ಳು ಯಾಕೆ ಹೇಳಲಿ. ಅದಕ್ಕೇ ಕೊನೆಯದಾಗಿ ಒಂದು ಸಣ್ಣ ಕೆಲಸ ಕೊಟ್ಟೆ. ಸ್ವಲ್ಪ ದೂರವಾದರೂ ರೈಲಲ್ಲಿ ಕೂರಲಿ ಅಂತ.

ನಮ್ಮ ಕಡೆ ರೈಲಲ್ಲಿ ರಿಸರ್ವೇಶನ್ ಇದ್ದರೂ ಅಷ್ಟೆ, ಟವೆಲ್ ಹಾಸಿದವನದೇ ಸೀಟು. ರೈಲು ಹೊರಡೋ ದೊಡ್ಡ ಸ್ಟೇಷನ್ನಿಗೇ ತಿಪ್ಪೇಶಿಯನ್ನ ಕಳಿಸಿದೆ. ಹನ್ನೆರಡು ಟವೆಲ್ ಕೊಟ್ಟೆ. ಯಾರಾದರೂ ಕೇಳಿದರೆ ತೋರಿಸಲಿ ಅಂತ ಟಿಕೆಟ್ಟು, ರೆಸಾರ್ಟಿನ ಚೀಟಿ ಅವನ ಜೇಬಿಗೇ ಇಟ್ಟೆ. ಇವನು ಅವ್ವನ ಮಾತು ಕೇಳಿ ನಿಂತವರಿಗೆಲ್ಲ ಸೀಟು ಬಿಟ್ಟುಕೊಟ್ಟರೆ? ಅದಕ್ಕೆ ಭುಜ ಹಿಡಿದು ಹೇಳಿದೆ:

"ಅವ್ವ ಹೇಳಿದ್ದು ಮರೆತುಬಿಡು. ಟವೆಲ್ ಹಾಸು, ಯಾರನ್ನೂ ಕೂರಿಸಬೇಡ. ಬಾಗಿಲಿಗೆ ಚಿಲಕ ಹಾಕು. ಯಾರೇ ಬಡಿಯಲಿ, ನಮ್ಮಪ್ಪನೇ ಬಂದು ಬಡಿಯಲಿ, ತೆಗೀಬೇಡ. ನಮ್ಮೂರು ಬಂದಾಗ ನೀನು ಇಳಿ, ನಾವು ಹತ್ತುತ್ತೀವಿ."

"ಆಯ್ತಣ್ಣ, ಹಾಗೇ ಮಾಡ್ತೀನಿ."

ಬೆಳಗ್ಗೆ ಒಂಬತ್ತಕ್ಕೆ ರೈಲು ಬಂತು. ನಮ್ಮೂರಲ್ಲಿ ನಿಲ್ಲೋದು ಎರಡೇ ನಿಮಿಷ. ಬೀಳ್ಕೊಡೋಕೆ ಊರೇ ಬಂದಿದೆ, ನನ್ನ ಮೀಸೆ ಏನಾಗುತ್ತೆ ಅಂತ ನೋಡೋಕೆ ಪಕ್ಕದೂರಿನವರೂ ಬಂದಿದಾರೆ. ನಮ್ಮ ಡಬ್ಬಿ ಎದುರಿಗೇ ನಿಂತಿತು. ಬಾಗಿಲಿಗೆ ಚಿಲಕ. ಬಡಿದೆ.

ಕಿಟಕಿಯಲ್ಲಿ ತಿಪ್ಪೇಶಿ ಮುಖ. ಮೈಮೇಲೆ ಕೆಂಪು ಸ್ವೆಟರ್.

"ತೆಗಿಯೋ."

"ಬಡಿದರೆ ತೆಗೀಬೇಡ ಅಂದಿದ್ದೀಯಲ್ಲಣ್ಣ."

"ನಾನು ಕಣೋ, ಪಾಲಯ್ಯ."

"ನಿಮ್ಮಪ್ಪ ಬಂದರೂ ತೆಗೀಬೇಡ ಅಂದಿದ್ದೀ. ನೀನು ಅವರಿಗಿಂತ ಚಿಕ್ಕೋನು."

"ನೀನು ಇಲ್ಲಿ ಇಳೀಬೇಕಲ್ಲೋ!"

"ಇಳೀಬೇಕು ಅಂದರೆ ಬಾಗಿಲು ತೆಗೀಬೇಕಲ್ಲಣ್ಣ. ನೀನು ಬಡೀತಾನೇ ಇದೀಯ."

ಒಳಗಿದ್ದೋರು ಗದ್ದಲ ತಪ್ಪಿತಲ್ಲ ಅಂತ ಸುಮ್ಮನೆ ಕೂತಿದ್ದರು. ಪಕ್ಕದ ಡಬ್ಬಿಗೆ ಓಡೋಣ ಅಂದರೆ ಎಲ್ಲರ ಕೈಲೂ ಸೊಟ್ಟ ಹಲಗೆ. ಒಬ್ಬನದು ಇನ್ನೊಬ್ಬನ ಕಾಲಿಗೆ ಸಿಕ್ಕಿ ಹನ್ನೆರಡು ಜನವೂ ಪ್ಲಾಟ್‌ಫಾರ್ಮಿನ ಮೇಲೆ ಬಿದ್ದೆವು. ರೈಲು ಹೋಯ್ತು.

ಮಾರಕ್ಕ ರೈಲು ಹೋದ ದಿಕ್ಕನ್ನೇ ನೋಡ್ತಾ ಮೆಲ್ಲಗೆ ಅಂದಳು: "ಸದ್ಯ, ಸ್ವೆಟರ್ ಹಾಕ್ಕೊಂಡಿದಾನೆ."

ಹನ್ನೆರಡು ದಿನ ಆಯ್ತು. ವಾಪಸ್ ಬರೋ ರೈಲಿಗೆ ಊರೆಲ್ಲ ಸ್ಟೇಷನ್ನಿಗೆ ಬಂತು. ಬಾಗಿಲು ಯಾರೂ ಮುಟ್ಟಕೂಡದು ಅಂತ ಮಾರಕ್ಕ ಕಟ್ಟಪ್ಪಣೆ ಮಾಡಿದ್ದಳು. ಎಲ್ಲರೂ ಕೈಕಟ್ಟಿ ದೂರ ನಿಂತೆವು. ಒಂದು ಸದ್ದಿಲ್ಲ. ಬಾಗಿಲು ತಾನಾಗೇ ತೆರೆಯಿತು. ತಿಪ್ಪೇಶಿ ಇಳಿದ. ಮೂಗಿನ ತುದಿ ಚಳಿಗೆ ಸುಲಿದಿತ್ತು.

"ಬೆಟ್ಟದ ಹತ್ತಿರ ಹೇಗೋ ಇಳಿದೆ?" ಅಂತ ಕೇಳಿದೆ.

"ಅಲ್ಲಿ ಯಾರೂ ಬಡೀಲಿಲ್ಲ. ತೆಗೆದೆ." ನನ್ನ ಮುಖವನ್ನೇ ನೋಡಿದ. "ಅಣ್ಣ, ಮೀಸೆ ಎಲ್ಲಿ?"

ನಾನು ಮೇಲ್ದುಟಿ ಮುಚ್ಚಿಕೊಂಡೆ. "ಹನ್ನೆರಡು ಸೀಟಲ್ಲಿ ಒಬ್ಬನೇ ಮಲಗಿಕೊಂಡು ಹೋದೆ, ಅಲ್ವಾ?"

"ಛೆ ಛೆ, ನಾನು ಕೆಳಗೆ ಕೂತಿದ್ದೆ. ಸೀಟು ನಿಮ್ಮದಲ್ವಾ?"

"ಸರಿ, ಟವೆಲ್ ಕೊಡು."

"ಟವೆಲ್ ಎಲ್ಲಿ ತರಲಣ್ಣ? ಬೆಟ್ಟದ ತುಂಬ ಜನ. ನಿಮ್ಮ ಜಾಗ ಹೋದೀತು ಅಂತ ಹನ್ನೆರಡನ್ನೂ ಹಿಮದ ಮೇಲೆ ಸಾಲಾಗಿ ಹಾಸಿ ಬಂದಿದೀನಿ. ನಿಧಾನಕ್ಕೆ ಹೋಗಿ, ಯಾರೂ ಕೂರಲ್ಲ."